ಮಾಳದ ಮೇಲೆ ಉಬ್ಬಿದ ಬ್ಯಾಟರಿಗಳು

ಮಾಧುರಿಯ ರಿಮೋಟ್ ಕಾರಿನ ಬ್ಯಾಟರಿಗಳು ಒಂದೂ ಉಳಿಯದೆ ಪೂರಿಯ ಹಾಗೆ ಉಬ್ಬಿಕೊಂಡಿದ್ದವು. ಜೀಪಿನ ಹಿಂಬಾಗಿಲಿನಿಂದ ಸಿಹಿಸಿಹಿಯಾದ ಕೆಟ್ಟ ವಾಸನೆ ಹೊಡೆಯುತ್ತಿತ್ತು. ಆಗಷ್ಟೇ ನೀರಿನ ಕ್ಯಾನು ಹೊತ್ತು ಗುಡ್ಡ ಹತ್ತಿ ಬಂದಿದ್ದ ಅಕ್ಷಯ ಅದನ್ನು ಅಲ್ಲೇ ಬಿಟ್ಟು ಓಡಿದ. ವೈರು ಕಿತ್ತು, ಇಕ್ಕಳದಲ್ಲಿ ಒಂದೊಂದನ್ನೇ ಎತ್ತಿ, ದೂರದ ಬರಿ ನೆಲದ ಮೇಲಿಟ್ಟು ಮಣ್ಣು ಸುರಿದ. ಬೆಂಕಿ ಹತ್ತಲಿಲ್ಲ, ನಮ್ಮ ಪುಣ್ಯ.

"ನೀನ ಮಾಡೀದಿ," ಎಂದಳು ಮಾಧುರಿ. "ನಿನ್ನ ಬ್ಯಾಟರಿ ಮನ್ಯಾಗ ಚಾರ್ಜ್ ಮಾಡಿ ತಂದಿ. ನನ್ನವಕ್ಕ ಕರೆಂಟ್ ಜಾಸ್ತಿ ಇಟ್ಟು, ನೀರು ತರತೀನಂತ ಕೆಳಗ ಹ್ವಾದಿ. ಮುಂಜಾನಿ ರೇಸಿನಾಗ ನಂಗ ಸೋಲೂದು ಬ್ಯಾಡಾಗಿತ್ತು ನಿನಗ."

"ನಾನು ಕಮ್ಮಿಯಲ್ಲೇ ಇಟ್ಟು ಹೋದದ್ದು," ಎಂದ ಅಕ್ಷಯ.

"ಮತ್ತ ತಾನ ಜಾಸ್ತಿ ಆತೇನು?"

ಅವಳು ಗುಡ್ಡದ ನೆತ್ತಿಯ ಬಯಲು ಮಾಳದ ಅಂಚಿಗೆ ಹೋಗಿ ತಂದೆಗೆ ಫೋನು ಹಚ್ಚಿ, ಈ ಸಂಬಂಧ ಬೇಡವೆಂದು ಹೇಳಿಯೂಬಿಟ್ಟಳು. ಆ ತಂದೆ ಎಂಥವರೆಂದು ನನಗೆ ಚೆನ್ನಾಗಿ ಗೊತ್ತು.

ಮಾಧುರಿ ಮಾರ್ಕೆಟ್ ಯಾರ್ಡಿನ ಬೆಲ್ಲದ ವ್ಯಾಪಾರಿ ಸಿದ್ದಲಿಂಗಪ್ಪನವರ ಮಗಳು. ನಾನು, ಶಿವರಾಜ, ಅವರ ಅಂಗಡಿಯ ಗುಮಾಸ್ತ. ಅಕ್ಷಯನದು ಉಡುಪಿ ಕಡೆಯ ಹೋಟೆಲಿನವರ ಮನೆ. ಹುಡುಗ ಹುಡುಗಿ ಇಬ್ಬರಿಗೂ ಖರಾಡಿಯಲ್ಲಿ ಒಂದೇ ಆಫೀಸು, ಇಬ್ಬರಿಗೂ ರಿಮೋಟ್ ಕಾರಿನ ಹುಚ್ಚು. ಬೇರೆ ಜಾತಿಯ ಅಳಿಯನಿಗೆ ಸಿದ್ದಲಿಂಗಪ್ಪನವರನ್ನು ಒಪ್ಪಿಸುವಷ್ಟರಲ್ಲಿ ಮಾಧುರಿಗೆ ಸಾಕುಬೇಕಾಗಿತ್ತು. ಮುಂದಿನ ವಾರ ನಿಶ್ಚಿತಾರ್ಥ. ಒಮ್ಮೆ ಮುರಿದರೆ ಅವರು ಎರಡನೆಯ ಸಲ ಒಪ್ಪುವ ಪೈಕಿಯೇ ಅಲ್ಲ.

ಕಾತ್ರಜ ಘಾಟು ದಾಟಿ ಈ ಮಾಳದ ಮೇಲೆ ಡೇರೆ ಹಾಕಿ, ಬೆಳಗ್ಗೆ ಕಾರು ಓಡಿಸುವುದೆಂದು ಗೊತ್ತುಮಾಡಿದ್ದರು. ಮದುವೆಗೆ ಮುಂಚೆ ಇಬ್ಬರನ್ನೇ ಕಳಿಸುವ ಮನೆಯಲ್ಲ. ಹಾಗಾಗಿ ಮಾಧುರಿಯ ಅಜ್ಜಿ ಕಾಶವ್ವನೂ ನಾನೂ ಕಾವಲಿಗೆ ಬಂದಿದ್ದೆವು. ಅಕ್ಷಯನ ಬೆಂಗಳೂರಿನ ಗೆಳೆಯ ಪುನೀತ ಗಾಳಿ ಸೇವನೆಗೆ ಬಂದಿದ್ದ, ಈ ಆಟದ ಗಂಧಗಾಳಿ ಅವನಿಗಿರಲಿಲ್ಲ. ಇನ್ನೊಬ್ಬರು ಲೀಲಾಕ್ಷಿಯಕ್ಕ. ನಮ್ಮ ಕಟ್ಟಡದ ಕೆಳಗೆ ಊಟದ ಹೋಟೆಲು ನಡೆಸುವ ಈ ಕರಾವಳಿಯ ಹೆಂಗಸು, ಕಟ್ಟಡದಲ್ಲಿ ಏನೇ ಕಳವಾಗಲಿ, ಯಾರೇ ಸುಳ್ಳು ಹೇಳಲಿ, ಪೊಲೀಸರಿಗಿಂತ ಮೊದಲು ಪತ್ತೆ ಹಚ್ಚುತ್ತಿದ್ದರು. ಅವರ ಜೊತೆ ಓಡಾಡಿ ಓಡಾಡಿ ನಾನು ಅರ್ಧ ಪತ್ತೇದಾರನಾಗಿದ್ದೇನೆಂದು ನನಗೊಂದು ಜಂಬವಿತ್ತು. ಅದು ಆ ದಿನ ಇಳಿಯಿತು.

ಮನೆಯಿಂದ ದೂರ ಚಾರ್ಜ್ ಮಾಡುವುದು ಹೇಗೆಂದು ಅಕ್ಷಯ ಸಂಜೆಯೇ ನನಗೆ ತೋರಿಸಿದ್ದ. ಜೀಪಿನ ಬ್ಯಾಟರಿಯಿಂದ ಒಂದು ವೈರು ಹಿಂದಕ್ಕೆ ಬರುತ್ತದೆ. ಅದರಿಂದಲೇ ಮೇಲೆ ತೂಗುಹಾಕಿದ ದೀಪ, ಅದರಿಂದಲೇ ಕೆಳಗಿನ ಚಾರ್ಜರು. ಬ್ಯಾಟರಿಗಳು ಮಾತ್ರ ಬೆಂಕಿ ತಡೆಯುವ ಚೀಲದೊಳಗೆ. ಇಟ್ಟಿಗೆಯಂಥ ಅಂಗೈಯಗಲದ ಆ ಬ್ಯಾಟರಿಗೆ ಮೆಲ್ಲಗೆ ಕರೆಂಟು ಕೊಟ್ಟರೆ ಕಾರನ್ನು ಕಣ್ಣಿಗೆ ಕಾಣದಷ್ಟು ಜೋರಾಗಿ ಓಡಿಸುತ್ತದೆ, ಅವಸರ ಮಾಡಿದರೆ ಡೇರೆಯನ್ನೇ ಸುಡುತ್ತದೆ. ಅಷ್ಟು ಕಸುವು ಅಷ್ಟು ಚಿಕ್ಕದರಲ್ಲಿ ಹೇಗೆ ಹಿಡಿಯುತ್ತದೆಂದು ನಾನು ಬೆರಗಾಗಿ ಚೀಲವನ್ನು ಮುಟ್ಟಲೂ ಹೆದರಿದ್ದೆ.

ಗಲಾಟೆ ತಣ್ಣಗಾದ ಮೇಲೆ ಲೀಲಾಕ್ಷಿಯಕ್ಕ ಟಾರ್ಚು ಹಿಡಿದು ಚಾರ್ಜರನ್ನು ನೋಡಿದರು. ಅದರ ಮೂತಿಯ ಮೇಲಿನ, ಕರೆಂಟು ಏರಿಸಿ ಇಳಿಸುವ ನಾಬ್ ಕೊನೆಯ ಗೆರೆಗೆ ಹೋಗಿ ನಿಂತಿತ್ತು. ಅದನ್ನು ನನಗಷ್ಟೇ ತೋರಿಸಿ, ಒಬ್ಬೊಬ್ಬರನ್ನೇ ವಿಚಾರಿಸಿದರು. ಚಾರ್ಜರು ಮುಟ್ಟಿಲ್ಲವೆಂದೇ ಎಲ್ಲರೂ ಹೇಳಿದರು.

"ಆಂಟಿ, ಪ್ರಾಮಿಸ್, ನಾನು ಚಾರ್ಜರ್ ಹತ್ರಾನೇ ಹೋಗಿಲ್ಲ. ಅಜ್ಜಿಗೆ ಊಟ ಬಡಿಸ್ತಿದ್ದೆ ಅಷ್ಟೇ," ಎಂದ ಪುನೀತ. ಅವನ ಮುಖದಲ್ಲಿ ಕಳ್ಳತನ ಕಾಣಲಿಲ್ಲ.

ಲೀಲಾಕ್ಷಿಯಕ್ಕ ನನ್ನ ಕಡೆ ತಿರುಗಿದರು. "ಶಿವರಾಜರೇ, ನಾನೂ ಮಾಧುರಿಯೂ ಡೇರೆ ಹಗ್ಗ ಕಟ್ಟುತ್ತಾ ಆಚೆ ಇದ್ದೆವು. ನೀವು ಇಲ್ಲೇ ಊಟಕ್ಕೆ ಕೂತಿದ್ದಿರಲ್ಲ? ಏನಾದರೂ ಕಂಡಿತಾ?"

"ವಿಶೇಷ ಏನಿಲ್ರಿ. ಅಕ್ಷಯ ಕ್ಯಾನ್ ತಗೊಂಡು ಇಳದು ಹ್ವಾದ. ಆಮ್ಯಾಲೆ ಊಟದಾಗ ಹುಳಾ ಬೀಳಾಕ್ಹತ್ತಿದ್ವು. ಅಜ್ಜಿ ಲೈಟ್ ಬಂದ್ ಮಾಡಂತ ಹೇಳಿದ್ರು, ಪುನೀತ ಕಡಿಮಿ ಮಾಡಿದ."

"ಕಡಿಮೆ ಮಾಡಿದನಾ?" ಎಂದರು ಅವರು. ಟಾರ್ಚನ್ನು ದೀಪದ ಕಡೆ ಎತ್ತಿ, ಸುತ್ತ ತಿರುಗಿಸಿ ನೋಡಿದರು. ಆಮೇಲೆ ಮಲಗಲು ಹೋದರು.

ಬೆಳಗ್ಗೆ ಮಾಳದ ಮೇಲೆ ಮಂಜು ಹಾಸಿತ್ತು, ಕೆಳಗೆ ಸಾತಾರಾ ರಸ್ತೆಯ ಬಸ್ಸುಗಳ ಸದ್ದಷ್ಟೇ ಕೇಳುತ್ತಿತ್ತು. ಅಂಥ ಚೆಲುವನ್ನು ನೋಡುವ ಮನಸ್ಸು ಯಾರಿಗೂ ಇರಲಿಲ್ಲ. ಅಕ್ಷಯ ಒಂದು ಕಲ್ಲಿನ ಮೇಲೆ, ಮಾಧುರಿ ಇನ್ನೊಂದರ ಮೇಲೆ, ಬೆನ್ನಿಗೆ ಬೆನ್ನು ಹಾಕಿ ಕುಳಿತಿದ್ದರು. ಕಾಶವ್ವ ಚಹಾಕ್ಕಿಟ್ಟು, ಡಬ್ಬಿಯ ಮುಚ್ಚಳ ತೆಗೆದು, "ಸಕ್ಕರಿ ಹೆಚ್ಚಾಗ್ಯದ ನೋಡಪಾ ತಮ್ಮಾ," ಎಂದಳು.

"ಪರ್ವಾಗಿಲ್ಲ ಅಜ್ಜಿ, ನಂಗೆ ಸ್ವೀಟ್ ಜಾಸ್ತಿ ಇದ್ರೂ ಓಕೆ," ಎಂದ ಪುನೀತ.

ಚಹಾ ಸಪ್ಪೆಯಾಗಿತ್ತು. ಪುನೀತ ಒಂದು ಗುಟುಕು ಕುಡಿದು ಲೋಟದೊಳಗೆ ಇಣುಕಿದ. ನಾನು ಸುಮ್ಮನೆ ಕುಡಿದೆ. ಲೀಲಾಕ್ಷಿಯಕ್ಕ ಎದ್ದು ಹೋಗಿ ಸಕ್ಕರೆ ಡಬ್ಬಿಯನ್ನು ಬೋರಲು ಹಾಕಿ ತಟ್ಟಿದರು. ಅದರಲ್ಲಿ ಒಂದು ಕಾಳೂ ಇರಲಿಲ್ಲ.

ಅವರು ದಡದಡನೆ ನನ್ನ ಹತ್ತಿರ ಬಂದರು. "ಶಿವರಾಜರೇ, ನಿನ್ನೆ ಅಜ್ಜಿ ದೀಪದ ವಿಷಯ ಹೇಳಿದ ಮಾತು ಉಂಟಲ್ಲ, ಅದರ ಅರ್ಥ ಬೇಡ. ಅವರ ಬಾಯಿಂದ ಬಂದದ್ದು ಬಂದ ಹಾಗೇ ಹೇಳಿ."

ನಾನು ಹೇಳಿದೆ. ಹೇಳಿದ ಮೇಲೂ ನನಗೆ ಏನೂ ಹೊಳೆಯಲಿಲ್ಲ. ಅವರು ಮಾತ್ರ ಹಣೆ ಹಣೆ ಬಡಿದುಕೊಂಡು, ಎಲ್ಲರನ್ನೂ ಜೀಪಿನ ಹಿಂದೆ ಸೇರಿಸಿದರು.

ಹಿಂಬಾಗಿಲಿಗೆ ಕಂಬಳಿ ಇಳಿಬಿಟ್ಟು ಕತ್ತಲು ಮಾಡಿ, ದೀಪ ಹಚ್ಚಿಸಿದರು. ಅಕ್ಷಯನ ಗಟ್ಟಿಮುಟ್ಟಾದ ಒಂದು ಬ್ಯಾಟರಿಯನ್ನು ಕಾರಿಗೆ ಹಾಕಿಸಿ, ಅರ್ಧ ಖಾಲಿಯಾಗುವಷ್ಟು ಓಡಿಸಿ ತರಿಸಿ, ಚಾರ್ಜರಿಗೆ ಸಿಕ್ಕಿಸಿದರು.

"ಎಲ್ಲರೂ ದೀಪ ನೋಡಿ. ಅಕ್ಷಯ, ಒಂದೇ ಕ್ಷಣ ಕರೆಂಟ್ ಪೂರ್ತಿ ಏರಿಸಿ ಇಳಿಸು."

ಅಕ್ಷಯ ನಾಬ್ ತಿರುಗಿಸಿದ. ಮೇಲಿನ ದೀಪ ಕಣ್ಣೆದುರೇ ಮಂಕಾಯಿತು. ಅವನು ಇಳಿಸಿದಾಗ ಮತ್ತೆ ಬೆಳಗಿತು.

"ಜೀಪಿನ ಬ್ಯಾಟರಿ ಹಳತು," ಎಂದರು ಲೀಲಾಕ್ಷಿಯಕ್ಕ. "ಚಾರ್ಜರು ಜೋರಾಗಿ ಎಳೆದರೆ ದೀಪಕ್ಕೆ ಸಾಲುವುದಿಲ್ಲ. ನಿನ್ನೆ ದೀಪ ಮಂಕಾದದ್ದು ಅಕ್ಷಯ ಕೆಳಗಿಳಿದ ಮೇಲೆ. ಶಿವರಾಜರು ಕಣ್ಣಾರೆ ನೋಡಿದ್ದಾರೆ. ಅಂದರೆ ಕರೆಂಟ್ ಏರಿದ್ದೂ ಆಗಲೇ. ಅಕ್ಷಯ ಅಲ್ಲ."

ಮಾಧುರಿ ಅಕ್ಷಯನ ಕಡೆ ತಿರುಗಿದಳು.

"ಪುನೀತ ದೀಪ ಕಡಿಮೆ ಮಾಡಿದ ಅಂತ ಶಿವರಾಜರು ಹೇಳಿದರು. ನಾನು ದೀಪ ತಿರುಗಿಸಿ ನೋಡಿದೆ ಮಾರಾಯ್ರೆ, ಅದಕ್ಕೆ ಗುಂಡಿಯೇ ಇಲ್ಲ! ಸಿಕ್ಕಿಸಿದರೆ ಉರಿಯುತ್ತದೆ, ಕಿತ್ತರೆ ಇಲ್ಲ. ಮತ್ತೆ ಇವನು ಕಡಿಮೆ ಮಾಡಿದ್ದು ಹೇಗೆ? ಪುನೀತ, ನಿನ್ನೆ ಈ ನಾಬ್ ತಿರುಗಿಸಿದ್ದು ನೀನಾ?"

ಪುನೀತ ಚಾರ್ಜರನ್ನು ದಿಟ್ಟಿಸಿದ. "ಇದಾ? ಇದು ಲ್ಯಾಂಪಿಂದು ರೆಗ್ಯುಲೇಟರ್ ಅಲ್ವಾ, ನಮ್ಮನೆ ಫ್ಯಾನ್ದು ಇರತ್ತಲ್ಲ, ಹಾಗೆ? ಚಾರ್ಜರ್ ಅಂದ್ರೆ ಆ ಬ್ಯಾಗ್ ಅಂದ್ಕೊಂಡಿದ್ದೆ ಆಂಟಿ!"

"ಆದರೆ ಒಂದು ಗಂಟು ಉಳಿಯಿತು," ಎಂದರು ಲೀಲಾಕ್ಷಿಯಕ್ಕ. "ದೀಪ ಬಂದ್ ಮಾಡು ಅಂದರೆ ಯಾರಾದರೂ ನಾಬನ್ನು ಇಳಿಸುತ್ತಾರೆ, ಏರಿಸುವುದಿಲ್ಲ. ರಾತ್ರಿಯೆಲ್ಲ ನನಗೆ ಅದು ಬಿಡಲಿಲ್ಲ. ಬೆಳಗ್ಗೆ ಅಜ್ಜಿ ಖಾಲಿ ಡಬ್ಬಿ ನೋಡಿ ಸಕ್ಕರೆ ಹೆಚ್ಚಾಗಿದೆ ಅಂದರು. ಆಗ ಗೊತ್ತಾಯಿತು. ಮನೆಯಲ್ಲಿ ಸಾಮಾನು ಮುಗಿಯಿತು ಅನ್ನಬಾರದು, ಅಪಶಕುನ, ಅದಕ್ಕೆ ಹೆಚ್ಚಾಯಿತು ಅನ್ನುತ್ತಾರೆ. ಹಾಗೆಯೇ ದೀಪ ಆರಿಸು ಅಂತಲೂ ಅನ್ನಬಾರದು. ಕಾಶವ್ವ, ನಿನ್ನೆ ಪುನೀತನಿಗೆ ಏನು ಹೇಳಿದಿರಿ?"

"ಏನಂತೀನವ್ವಾ, ಎಲ್ಲಾರೂ ಅನ್ನೂದ," ಎಂದಳು ಮುದುಕಿ. "ದೀಪ ದೊಡ್ಡದ ಮಾಡಪಾ, ಅಂದೆ."

"ಅದಕ್ಕೇ ದೊಡ್ಡದು ಮಾಡ್ದೆ ಅಜ್ಜಿ! ಎಷ್ಟು ತಿರುಗಿಸಿದ್ರೂ ಡಲ್ಲೇ ಆಗ್ತಿತ್ತು. ನೀವು ಸಾಕು ಸಾಕು ಅಂದ್ರಿ, ಲ್ಯಾಂಪ್ ಕೆಟ್ಟಿದೆ ಅಂತ ಬಿಟ್ಟೆ."

ನಮ್ಮ ಕಡೆ ದೀಪ ದೊಡ್ಡದು ಮಾಡು ಅಂದರೆ ಆರಿಸು ಅಂತಲೇ ಅರ್ಥ. ಹುಟ್ಟಿದಾಗಿನಿಂದ ಕೇಳಿದ ಮಾತು, ದಿನಾ ನನ್ನ ಮನೆಯಲ್ಲಿ ಆಡುವ ಮಾತು. ಅಜ್ಜಿ ದೊಡ್ಡದು ಮಾಡೆಂದಳು, ದೀಪ ಸಣ್ಣದಾಯಿತು, ಎಲ್ಲ ಸರಿಯಾಗಿದೆಯೆಂದು ನಾನು ರೊಟ್ಟಿ ಮುರಿಯುತ್ತ ಕುಳಿತಿದ್ದೆ. ಕಣ್ಣಿನಿಂದ ನೋಡಿ, ಕಿವಿಯಿಂದ ಕೇಳಿ, ಬಾಯಿಂದ ತಪ್ಪಾಗಿ ಹೇಳಿದ್ದೆ. ನಮ್ಮ ಕಡೆಯವರೇ ಅಲ್ಲದ ಈ ಹೆಂಗಸು ಒಂದು ಸಪ್ಪೆ ಚಹಾದಿಂದ ನಮ್ಮ ಮಾತಿನ ಒಳಗನ್ನು ಹೊಕ್ಕು ನೋಡಿದ್ದರು. ಕೈ ಮುಗಿಯಬೇಕೆನಿಸಿತು.

"ಶುಭ ಆಗ್ಲೆಂತ ಅಂದ ಮಾತಿಗೆ ಮದಿವಿ ಮುರೀತಲ್ಲೋ ಯಪ್ಪಾ," ಎಂದು ಕಾಶವ್ವ ಸೆರಗು ಬಾಯಿಗಿಟ್ಟುಕೊಂಡಳು. ಪುನೀತ ಅವಳ ಪಕ್ಕ ಕುಕ್ಕರಿಸಿ ಸಾರಿ ಸಾರಿ ಎನ್ನುತ್ತಿದ್ದ.

ಅಕ್ಷಯನ ಮುಖ ಮಾತ್ರ ಅರಳಲಿಲ್ಲ. "ಯಾರು ಮಾಡಿದ್ದು ಅಂತ ಗೊತ್ತಾಯ್ತು, ಸರಿ. ಆದರೆ ಮಾಧುರಿ, ನೀನು ನನ್ನನ್ನು ಏನಾಯ್ತು ಅಂತ ಕೇಳಲೇ ಇಲ್ಲ. ನೀನೇ ಮಾಡಿದ್ದು ಅಂತಲೇ ಶುರು ಮಾಡಿದೆ."

ನಾನು ಲೀಲಾಕ್ಷಿಯಕ್ಕನ ಮುಖ ನೋಡಿದೆ. ಅವರು ತಲೆಯಾಡಿಸಿದರು. "ಇದು ನನ್ನ ಕೈಯಲ್ಲಿಲ್ಲ," ಎಂದು ಮೆಲ್ಲಗೆ ಅಂದರು.

ಮಾಧುರಿ ನೆಪ ಹೇಳಲಿಲ್ಲ. ಫೋನು ತೆಗೆದು, ನಮಗೆಲ್ಲ ಕೇಳುವಂತೆ ಸ್ಪೀಕರಿಗೆ ಹಾಕಿದಳು.

"ಅಪ್ಪಾ, ನಿನ್ನಿ ನಾ ಅಂದದ್ದು ಸುಳ್ಳು. ಅಕ್ಷಯಂದು ತಪ್ಪಿಲ್ಲ, ತಪ್ಪು ನಂದು. ನಾ ಅವನ್ನ ನಂಬಲಿಲ್ಲ. ಈಗ ನಾ ಬೇಕೋ ಬ್ಯಾಡೋ ಅವನ್ನ ಕೇಳ್ರಿ. ಬ್ಯಾಡ ಅಂದ್ರ ಅವನ ಮ್ಯಾಲೆ ಸಿಟ್ಟಾಗಬ್ಯಾಡ್ರಿ."

ಆ ಕಡೆಯಿಂದ ಸಿದ್ದಲಿಂಗಪ್ಪನವರ ಗಡಸು ದನಿ ಬಂತು. "ಕೊಡವ್ವಾ ಅವನ ಕೈಯಾಗ. ಹೂಂ, ಏನಂತೀ ತಮ್ಮಾ?"

ಅಕ್ಷಯ ಫೋನನ್ನು ಹಿಡಿದುಕೊಂಡು ಮಾಧುರಿಯನ್ನೇ ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ, ಒರೆಸಿಕೊಳ್ಳಲೂ ಇಲ್ಲ. ಅಲ್ಲಿಯತನಕ ಸಿದ್ದಲಿಂಗಪ್ಪನವರನ್ನು ಸರ್ ಎಂದೇ ಕರೆಯುತ್ತಿದ್ದ ಹುಡುಗ ಫೋನನ್ನು ಬಾಯಿಯ ಹತ್ತಿರ ತಂದ.

"ಮುಂದಿನ ವಾರ ನಮ್ಮ ಮನೆಯವರು ಎಷ್ಟು ಹೊತ್ತಿಗೆ ಬರಬೇಕು, ಮಾವ?"

ಇಷ್ಟು ವರ್ಷ ಆ ಅಂಗಡಿಯಲ್ಲಿ ಕುಳಿತಿದ್ದೇನೆ. ಸಿದ್ದಲಿಂಗಪ್ಪನವರಿಗೆ ಮಾತು ಹೊರಡದೆ ಹೋದದ್ದನ್ನು ನಾನು ಕೇಳಿದ್ದು ಅದೇ ಮೊದಲು.