ಕೆರೆಯಂಗಳದ ಸಾಕ್ಷಿಗುಡ್ಡೆ

ತಾಳವಟ್ಟಿ ಶಾಲೆಯ ಗೋಡೆಯ ಮೇಲೆ ಮುನ್ನೂರು ವರ್ಷದ ಹಿಂದಿನ ಕೆರೆ ಕೆಲಸ ನಡೆದಿತ್ತು. ಏರಿಯ ಶಾಸನವನ್ನು ಓದಿ, ಕಲ್ಲುಮಣ್ಣುಗಳನ್ನು ಪರೀಕ್ಷಿಸಿ, ಗತಬಿಂಬಕ ಯಂತ್ರವು ಏಳನೆಯ ತರಗತಿಗೆಂದು ತಯಾರಿಸಿದ್ದ ಊರ ಚರಿತ್ರೆಯ ವಿಡಿಯೊ ಅದು. ಕೆರೆ ಕಟ್ಟಿಸಿದ ಪಾಳೆಯಗಾರ ಶಾಲು ಹೊದ್ದು ಏರಿಯ ಮೇಲೆ ನಿಂತಿದ್ದ. ಅವನ ಮೀಸೆಯ ತಿರುವು ಕೂಡ ಶಾಸನದ ಕಲ್ಲಿನ ಮೇಲೆ ಕೆತ್ತಿದ್ದ, ಶಾಲಿನಲ್ಲಿ ತೋಳು ಮುಚ್ಚಿದ ಶಿಲ್ಪದಲ್ಲಿದ್ದಂತೆಯೇ ಇತ್ತು. ಕೆಳಗೆ ಮಣ್ಣು ಹೊರುತ್ತಿದ್ದ ನೂರಾರು ಜನ ಮಾತ್ರ ಸುಣ್ಣ ಬಳಿದ ಬೊಂಬೆಗಳ ಹಾಗೆ ಬೆಳ್ಳಗಿದ್ದರು. ಸಾಕ್ಷ್ಯವಿಲ್ಲದ್ದನ್ನು ಯಂತ್ರ ಊಹಿಸಿ ಬಿಡಿಸಬಾರದು; ಅಲ್ಲಿ ಬಿಳಿ ಬಿಡಬೇಕು. ಅದಕ್ಕೆ ವಿಧಿಸಿದ ಮೊದಲ ನಿಯಮವೇ ಅದು.

ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಓಬಳಮ್ಮ ಬಾಗಿಲಲ್ಲಿ ನಿಂತು ಅದನ್ನೆಲ್ಲ ನೋಡಿದಳು. ಅವಳ ವಂಶದವರು ತಲೆತಲಾಂತರದಿಂದ ಮಣ್ಣು ಕೆಲಸದವರು. ವಿಡಿಯೊ ಮುಗಿದಾಗ ಲೋಹಿತ ಎಂಬ ಹುಡುಗ ಅವಳ ಮೊಮ್ಮಗಳು ಚೈತ್ರಾಳತ್ತ ತಿರುಗಿ, “ನಿಮ್ಮೋರಿಗೆ ಮೂತಿನೇ ಇಲ್ವಲ್ಲೇ” ಎಂದ. ತರಗತಿ ನಕ್ಕಿತು. ಮರುದಿನದಿಂದ ಚೈತ್ರಾ ಶಾಲೆಗೆ ಬರಲಿಲ್ಲ. ಹೊಟ್ಟೆನೋವು ಎಂದಳು, ತಲೆನೋವು ಎಂದಳು, ನಾಲ್ಕನೆಯ ದಿನ ನೆಪ ಹೇಳುವುದನ್ನೂ ಬಿಟ್ಟಳು.

ಯಂತ್ರವನ್ನು ರೂಪಿಸಿದ ಡಾ. ವಾರಿಜಾ ಪರಿಶೀಲನೆಗೆ ಬಂದಾಗ ಓಬಳಮ್ಮ ಸೌಟು ಕೆಳಗಿಟ್ಟು ಹೋಗಿ ವಿಷಯ ತಿಳಿಸಿದಳು. ವಿಜ್ಞಾನಿಗೆ ನಿಜವಾಗಿ ಬೇಸರವಾಯಿತು. ನಿಯಮ ಸಡಿಲಿಸಿ, ಆ ಕಾಲದ ಜನರಿಗೆ ಒಪ್ಪುವಂಥ ಮುಖಗಳನ್ನು ಹಾಕಿಸುವುದಾಗಿ ಹೇಳಿದಳು.

“ಯಾರ್‍ದೋ ಮುಖ ತಂದು ನಮ್ಮೋರ್‍ಗೆ ಅಂಟಿಸ್ಬ್ಯಾಡ ಕಣವ್ವ,” ಎಂದಳು ಓಬಳಮ್ಮ. “ನಿನ್ ಮಿಷಿನ್ನು ಏರಿ ಮೇಲೇ ಓಡಾಡೈತೆ. ಒಂದ್ಸಲ ಕೆಳಗಿಳಿಸು.”

ಬೇಸಿಗೆ, ಕೆರೆ ಬತ್ತಿತ್ತು. ಬರಲೊಲ್ಲದ ಚೈತ್ರಾಳನ್ನೂ ಕೈಹಿಡಿದು ಕರೆದುಕೊಂಡು ಓಬಳಮ್ಮ ಕೆರೆಯಂಗಳದ ನಡುವೆ ಇದ್ದ ಒಂದಾಳೆತ್ತರದ ದಿಬ್ಬದ ಬಳಿ ನಿಂತಳು. ಊರವರು ಅದನ್ನು ಹಳೆಯ ಹುತ್ತವೆಂದೇ ತಿಳಿದಿದ್ದರು. ಓಬಳಮ್ಮ ನಿಧಾನವಾಗಿ ವಿವರಿಸಿದಳು: ಅಗೆಯುವವರು ನಡುವೆ ಒಂದಿಷ್ಟು ನೆಲವನ್ನು ಅಗೆಯದೆ ಹಾಗೇ ಉಳಿಸುತ್ತಾರೆ. ಎಷ್ಟು ಆಳ ತೋಡಿದ್ದೇವೆ ಎಂಬುದಕ್ಕೆ ಅದೇ ಸಾಕ್ಷಿ. ಮಳೆಗೆ ಕರಗದಿರಲೆಂದು ಹೆಂಗಸರು ಅದರ ಸುತ್ತ ಜೇಡಿಮಣ್ಣು ಮೆತ್ತುತ್ತಾರೆ. ಅಳತೆಯಾದ ಮೇಲೆ ಕೆಡವುತ್ತಾರೆ.

“ಇದನ್ನ ಯಾಕೆ ಕೆಡವಲಿಲ್ಲ?” ಎಂದು ಜೊತೆಗೆ ತಂದ ಯಂತ್ರವನ್ನು ಇಳಿಸುತ್ತ ವಾರಿಜಾ ಕೇಳಿದಳು.

“ಅಳೆಯೋರು ಬರೋದ್ರೊಳಗೆ ನೀರು ಬಂದಿರ್ಬೇಕು.”

ಯಂತ್ರದ ಕಿರಣ ಹೂಳಿನ ಪದರವನ್ನು ದಾಟಿ ಒಳಗಿನ ಜೇಡಿಯನ್ನು ಮುಟ್ಟಿತು. ಪರದೆಯ ಮೇಲೆ ಒಂದೊಂದಾಗಿ ಅಂಗೈ ಅಚ್ಚುಗಳು ಮೂಡತೊಡಗಿದವು. ಒಂದರ ಕಿರುಬೆರಳು ಸೊಟ್ಟಗಿತ್ತು. ಇನ್ನೊಂದು ತೀರಾ ಚಿಕ್ಕದು. ಚೈತ್ರಾ ಅದರ ಮೇಲೆ ತನ್ನ ಅಂಗೈ ಇಟ್ಟು ನೋಡಿದಳು. ಮರುದಿನ ಬೆಳಗ್ಗೆ ಅಜ್ಜಿಗಿಂತ ಮೊದಲೇ ಎದ್ದು ಜಡೆ ಹೆಣೆದುಕೊಂಡಿದ್ದಳು.

ಹೊಸ ವಿಡಿಯೊದಲ್ಲೂ ಕೆಲಸದವರ ಮುಖಗಳು ಬೆಳ್ಳಗೇ ಇದ್ದವು. ಆದರೆ ಕೈಗಳು ಬಂದಿದ್ದವು: ಮಣ್ಣು ಮೆತ್ತಿದ, ಬಿರುಕು ಬಿಟ್ಟ, ಗುದ್ದಲಿ ಹಿಡಿದ, ಬುಟ್ಟಿ ಎತ್ತುವ ಕೈಗಳು. ಕೈಗಳ ಸಾಕ್ಷ್ಯ ಸಿಕ್ಕಿದ್ದರಿಂದ ಯಂತ್ರ ಈಗ ಎಲ್ಲರ ಕೈಗಳ ಗುರುತನ್ನೂ ಮಣ್ಣಿನಲ್ಲಿ ಹುಡುಕಿತ್ತು. ಏರಿಯ ಮೇಲಿದ್ದ ಪಾಳೆಯಗಾರ ಶಾಲು ಸರಿಸಿ ಆಜ್ಞೆ ಕೊಡಲು ತೋಳೆತ್ತಿದ. ಮೊಣಕೈಯಿಂದ ಬೆರಳ ತುದಿಯವರೆಗೂ ಬರೀ ಬಿಳಿ.

ವಾರಿಜಾ ಗಾಬರಿಯಿಂದ ಯಂತ್ರದತ್ತ ಬಾಗಿದಳು. ಇದನ್ನು ಅವಳು ಎಣಿಸಿರಲಿಲ್ಲ. ಓಬಳಮ್ಮ ಅವಳ ಸೆರಗು ಹಿಡಿದು ತಡೆದಳು.

ತರಗತಿಯಲ್ಲಿ ಯಾರೂ ನಗಲಿಲ್ಲ. ಲೋಹಿತನೇ ಕೇಳಿದ: “ದೊರೆ ಕೈಗೇನಾಯ್ತು ಮೇಡಂ?”

ಮೂರನೆಯ ಬೆಂಚಿನಿಂದ ಚೈತ್ರಾ ಎದ್ದು ನಿಂತಳು.

“ಅವ್ರು ಮಣ್ಣು ಮುಟ್ಟಿಲ್ಲ ಕಣೋ,” ಎಂದಳು. “ಬಾ, ಕೆರೇಲಿ ತೋರಿಸ್ತೀನಿ.”