ಬೆಳಿಗ್ಗೆ ಆರರ ನೀರಿನ ಮಟ್ಟ

೧೯೭೮ರ ನವೆಂಬರ್ ೧೪, ಮಂಗಳವಾರ, ಬೆಳಿಗ್ಗೆ ೮.೧೦. ಮಾನ್ವಿ ತಾಲ್ಲೂಕಿನ ಠಾಣೆಯೊಂದಕ್ಕೆ ಯಮನಮ್ಮ ಎದೆ ಬಡಿದುಕೊಳ್ಳುತ್ತ ಬಂದಳು. ಅವಳ ಗಂಡ ಕನಕಪ್ಪ ಕಾಲುವೆಯ ಆಚೆ ದಂಡೆಯ ಮೇಲೆ ತಲೆ ಒಡೆದು ಸತ್ತುಬಿದ್ದಿದ್ದ. ಸಬ್ ಇನ್ಸ್‌ಪೆಕ್ಟರ್ ವಿರೂಪಣ್ಣ ಎಫ್‌ಐಆರ್ ಬರೆಸಿ, ದೂರದ ಸೇತುವೆ ಸುತ್ತಿ ಹೋಗಿ ಹತ್ತೂವರೆಗೆ ಪಂಚನಾಮೆ ಮುಗಿಸಿದ. ಕಾಲುವೆ ತುಂಬಿ ಹರಿಯುತ್ತಿತ್ತು.

ಕಾಲುವೆಯ ಗೇಟು ಕಾಯುವ ಮೌನಪ್ಪ ನೀರಿನ ಮಟ್ಟ ಬರೆಯುವ ತನ್ನ ರಿಜಿಸ್ಟರ್ ಬಿಚ್ಚಿ ತೋರಿಸಿದ. ಬೆಳಿಗ್ಗೆ ಆರು, ನೀರು ನಾಲ್ಕು ಅಡಿ.

"ಮಟ್ಟ ಬರ್ಕೊಂಡು ನಿಂತಿದ್ನಿರಿ. ಕನಕಪ್ಪನ ತಮ್ಮ ಸಾಬಣ್ಣ ಅಣ್ಣನ ತಲಿಗೆ ಗುದ್ಲಿ ಹಾಕಿ ಓಡಿದ."

"ಯಾಕ ಬಿಡಿಸ್ಲಿಲ್ಲ?"

"ಅವರು ಆಚಿ ದಂಡಿಮ್ಯಾಗ. ನಡುವ ನಾಲ್ಕಡಿ ನೀರು, ಹೆಂಗ ಹೋಗ್ಲಿರಿ?"

ಸರಕಾರಿ ಪುಸ್ತಕ! ವಿರೂಪಣ್ಣನಿಗೆ ಇನ್ನೇನು ಬೇಕು? ಅಣ್ಣತಮ್ಮಂದಿರ ಬದುವಿನ ಜಗಳ ಊರಿಗೇ ಗೊತ್ತಿತ್ತು. ಮಧ್ಯಾಹ್ನ ದೇವದುರ್ಗದ ಬೀಗರ ಮನೆಯಿಂದ ಸಾಬಣ್ಣನನ್ನು ಎಳೆದು ತಂದು ಠಾಣೆಯ ಹಿಂದಿನ ಕೋಣೆಯಲ್ಲಿ ಕೆಡವಿದರು.

"ಗುದ್ಲಿ ಎಲ್ಲಿಟ್ಟೀಲೇ?"

"ನಿನ್ನಿಯಿಂದ ದೇವದುರ್ಗದಾಗ ಅದೀನ್ರಿ ಯಪ್ಪಾ!"

ಬೀಗರು ಸುಳ್ಳು ಹೇಳಿಯಾರು, ಪುಸ್ತಕ ಹೇಳೀತೇ? ವಿರೂಪಣ್ಣ ತಾನೇ ಲಾಠಿ ಎತ್ತಿದ. ಅಂಗಾಲು, ಮೊಣಕಾಲು, ಕೊನೆಗೆ ಬಲಗೈ. ಎಲುಬು ಮುರಿದಾಗ ಸಾಬಣ್ಣ ಚೀರಿದ್ದು ಹೊರಗೆ ಕೂತಿದ್ದ ಯಮನಮ್ಮನಿಗೆ ಕೇಳಿತು. ಆಕೆ ಒಳಗೆ ನುಗ್ಗಿದಳು.

"ಅವನ್ಯಾಕ ಕೊಲ್ಲಾಕತ್ತೀರಿ? ನೋಡಿದವರು ಯಾರು?"

"ಮೌನಪ್ಪ. ನೀರು ಅಡ್ಡ ಇತ್ತು, ಬಿಡಿಸಾಕ ಆಗ್ಲಿಲ್ಲ."

"ಯಾವ ನೀರ್ರಿ? ನಾ ಕಾಲುವಿ ಇಳಿದು ದಾಟೇ ಹೆಣದ ಹತ್ರ ಹೋದಾಕಿ. ಪಾದನೂ ತೊಯ್ದಿಲ್ಲ!"

ವಿರೂಪಣ್ಣನ ಕೈಯ ಲಾಠಿ ಕೆಳಗಿಳಿಯಿತು.

ಹೆಡ್ ಕಾನ್‌ಸ್ಟೇಬಲ್ ತಾಯಣ್ಣ ಕಾಲುವೆ ಕಚೇರಿಗೆ ಫೋನು ಹಚ್ಚಿದ. ಮೇಲೆಲ್ಲೋ ಏರಿ ಒಡೆದು ಹಿಂದಿನ ರಾತ್ರಿಯೇ ನೀರು ನಿಲ್ಲಿಸಿದ್ದರು. ಮತ್ತೆ ಬಿಟ್ಟದ್ದು ಬೆಳಿಗ್ಗೆ ಎಂಟಕ್ಕೆ. ರಿಜಿಸ್ಟರಿನ ಪುಟ ಮಗುಚಿದರೆ ಅಯ್ಯೋ ದೇವರೇ, ಬರಲಿರುವ ಶನಿವಾರದ ನೀರೂ ಅಲ್ಲಿ ನಾಲ್ಕು ಅಡಿ! ಮೌನಪ್ಪ ಸೋಮವಾರ ಕೂತು ಇಡೀ ವಾರದ್ದು ಬರೆದುಬಿಡುವ ಆಸಾಮಿ.

ಸಂಜೆ ೫.೪೦ಕ್ಕೆ ಗೇಟಿನ ಕೋಣೆ ಶೋಧಿಸಿದರು. ಗೋಣಿಚೀಲದಡಿ ಗೇಟು ತಿರುವುವ ಕಬ್ಬಿಣದ ಹ್ಯಾಂಡಲ್ ಸಿಕ್ಕಿತು, ಕೂದಲು ನೆತ್ತರು ಸಮೇತ. ಕೋಳ ತೊಡಿಸುವಾಗ ಮೌನಪ್ಪ ಕೊಸರಾಡಲಿಲ್ಲ.

"ಹನ್ನೊಂದು ವರ್ಷ ದಿನಗೂಲಿ ಮಾಡೀನ್ರಿ. ಮುಂದಿನ ತಿಂಗ್ಳು ಕಾಯಂ ಆರ್ಡರು. ನೀರ್ಯಾಕ ಇಲ್ಲಂತ ಕೇಳಾಕ ಬಂದ ಕನಕಪ್ಪ ಪುಸ್ತಕದಾಗ ನಾಲ್ಕಡಿ ಅಂತ ಬರ್ದಿದ್ದು ನೋಡಿಬಿಟ್ಟ. ಇಂಜಿನಿಯರಿಗೆ ತೋರಸ್ತೀನಂತ ಕಸ್ಗೊಂಡು ಹೊಂಟ. ಕಾಲು ಹಿಡಿದ್ನಿರಿ, ಕೇಳ್ಲಿಲ್ಲ. ಆಚಿ ದಂಡಿ ಹತ್ತಿದಾಗ ಹೊಡದೆ. ಏಳಾಕ ನೋಡಿದ, ಮತ್ತ ಹೊಡದೆ."

ಸಾಬಣ್ಣನನ್ನು ರಾಯಚೂರಿನ ಆಸ್ಪತ್ರೆಗೆ ಕಳಿಸಬೇಕಿತ್ತು. ತಾಯಣ್ಣ ಠಾಣೆಯ ಡೈರಿ ಮುಂದಿಟ್ಟುಕೊಂಡ.

"ಕೈಗೆ ಏನಂತ ಬರೀಲ್ರಿ ಸಾಹೇಬ್ರ?"

ವಿರೂಪಣ್ಣನದೂ ನೌಕರಿಯೇ, ಹೆಂಡತಿ ಮಕ್ಕಳು ಅವನಿಗೂ ಇದ್ದರು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಓಡುವಾಗ ಬಿದ್ದ ಅಂತ ಬರಿ," ಎಂದ.

ಸಾಬಣ್ಣ ಸಹಿ ಬಲ್ಲವನು. ಬಲಗೈ ಏಳದ್ದರಿಂದ ಆ ಬರಹದ ಕೆಳಗೆ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು.