ರಾಗಿ ಮೂಟೆಯ ಹಿಂದಿನ ಜಾಡಿ

ಜಾಡಿ ಇರಲಿಲ್ಲ!

ರಂಗಸ್ವಾಮಿ ರಾಗಿ ಮೂಟೆಗಳ ಸಂದಿಗೆ ಮತ್ತೊಮ್ಮೆ ಕೈ ಹಾಕಿದ. ಗೋಡೆ ಸಿಕ್ಕಿತು, ಜೇಡರ ಬಲೆ ಸಿಕ್ಕಿತು. ಜಾಡಿ ಮಾತ್ರ ಮಾಯ. ಬೆಳಿಗ್ಗೆ ಇತ್ತು — ಕಣ್ಣಾರೆ ಕಂಡಿದ್ದ. ಮಧ್ಯಾಹ್ನ ರಜೆಗೆ ಬಂದಿದ್ದ ಮೊಮ್ಮಕ್ಕಳಿಗೆ ಉಣ್ಣಿಸಿ ಒಂದು ಜೊಂಪು ತೆಗೆದು ಎದ್ದಿದ್ದ, ಅಷ್ಟೇ. ಅಷ್ಟರೊಳಗೆ ಯಾರ ಕೈಚಳಕವಪ್ಪಾ ಇದು?

ಗೇಣುದ್ದದ ಪಿಂಗಾಣಿ ಜಾಡಿ. ತಳದಲ್ಲಿ ನಾಲ್ಕು ಹೋಳು ಮಾವಿನ ಉಪ್ಪಿನಕಾಯಿ. ಹೋದ ಬೇಸಿಗೆಯಲ್ಲಿ ಹೆಂಡತಿ ಚಾಮುಂಡಿ ಹಾಕಿದ್ದು. ಮಳೆಗಾಲ ಕಳೆಯುವಷ್ಟರಲ್ಲಿ ಅವಳೇ ಇರಲಿಲ್ಲ. ಅವಳ ಕೈರುಚಿ ಅಂತ ಈ ಭೂಮಿಯ ಮೇಲೆ ಉಳಿದಿದ್ದು ಆ ನಾಲ್ಕೇ ಹೋಳು. ವಾರಕ್ಕೊಮ್ಮೆ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರೆ, ಆ ಖಾಲಿ ಮನೆಯಲ್ಲಿ ಇನ್ನೊಂದು ವಾರ ಹೇಗೋ ಕಳೆಯುತ್ತಿತ್ತು.

ಕೂಗಾಡೋಣವೆಂದರೆ ಬಾಯಿ ಕಟ್ಟಿದೆ. ಅಂಥದೊಂದು ಜಾಡಿ ಇದೆಯೆಂದು ಯಾರಿಗೂ ಗೊತ್ತಿಲ್ಲವಲ್ಲ! ಬಚ್ಚಿಟ್ಟವನು ಅವನೇ.

ಇರಲಿ. ಮದ್ದೂರು ರೇಂಜಿನಲ್ಲಿ ಮೂವತ್ತು ವರ್ಷ ಫಾರೆಸ್ಟ್ ವಾಚರ್ ಆಗಿದ್ದ ಆಸಾಮಿ. ಹುಲಿ ಹೋದ ದಾರಿಯನ್ನು ಮಣ್ಣು ನೋಡಿ ಹೇಳುತ್ತಿದ್ದವನ ಕೈಗೆ ಮನೆಯ ಕಳ್ಳ ಸಿಗದಿರುತ್ತಾನೆಯೇ?

ಹತ್ತು ವರ್ಷದ ದೊಡ್ಡ ಮೊಮ್ಮಗಳು ಪವಿತ್ರ ಚಾಪೆಯ ಮೇಲೆ ಹೊರಳಾಡುತ್ತಿದ್ದಳು.

“ಪವಿತ್ರ, ಒಳಿಕ್ಕೆ ಯಾರಾರ ಬಂದಿದ್ರಾ?”

“ಇಲ್ಲ. ಯಾಕ್ ತಾತ? ಏನಾದ್ರೂ ಕಳೆದೋಯ್ತಾ?”

“ಏನಿಲ್ಲ... ಸುಮ್ಕೆ ಕೇಳ್ದೆ. ನೀನು ರಾಗಿ ಮೂಟೆ ತಾವ ಓಗಿದ್ಯಾ?”

“ಬೆಳಿಗ್ಗೆ ಕಣ್ಣಾಮುಚ್ಚಾಲೆ ಆಡ್ದಾಗ ಇಬ್ರೂ ಹೋಗಿದ್ವಿ.”

“ಎಲ್ಲಿ, ಕೈ ತೋರ್ಸು?”

ಮೂಸಿ ನೋಡಿದ. ಬರೀ ಸೋಪಿನ ವಾಸನೆ. ಇನ್ನು ಕಿರಿಯಳು ಇಂಚರ, ಐದು ವರ್ಷದ ಕೂಸು. ಖಾರ ತಾಕಿದರೆ ಊರಿಗೇ ಕೇಳುವಂತೆ ಅಳುವವಳು. ಅವಳು ಹೊರಗೆಲ್ಲೋ ಆಡುತ್ತಿದ್ದಳು. ಅವಳನ್ನು ಅನುಮಾನದ ಪಟ್ಟಿಗೇ ಸೇರಿಸಲಿಲ್ಲ.

ಹಿಂಬಾಗಿಲು ತೆರೆದ. ಹಿತ್ತಿಲ ಧೂಳಿನಲ್ಲಿ ಚಪ್ಪಲಿಯ ಗುರುತು! ಎಡಗಾಲಿನದಕ್ಕೆ ಹಿಮ್ಮಡಿಯ ಹತ್ತಿರ ತೂತು. ಪಕ್ಕದ ಮನೆಯ ಮೂಗಮ್ಮನ ಚಪ್ಪಲಿ, ಸಂಶಯವೇ ಇಲ್ಲ. ಮಜ್ಜಿಗೆ ಕೊಡಲು ಬಂದವಳು ಜಗಲಿಯ ಮೇಲೆ ಗೊರಕೆ ಹೊಡೆಯುತ್ತಿದ್ದಳು.

“ಮೂಗಮ್ಮ! ಇತ್ಲಿಗ್ ಯಾಕ್ ಓಗಿದ್ದೆ?”

“ನಾನಾ? ಇಲ್ಲೇ ಮನಿಕಂಡೋಳು ಈಗ ಎದ್ದೆ ಕಣಣ್ಣ.”

“ಸುಳ್ಳೇಳ್ಬ್ಯಾಡ. ನಿನ್ ಚಪ್ಲಿ ಗುರ್ತು ಬಿದ್ದದೆ.”

“ಏನ್ ಕದ್ದೆ ಅಂತೀಯ? ಬಾಯ್ಬುಟ್ಟು ಏಳು!”

ಹೇಳುವುದೇನನ್ನು?

“ನಿನ್ನೆಡ್ತಿ ಬಾಯ್ಗೆ ಕೊನೇ ನೀರ್ ಬುಟ್ಟೋಳು ನಾನು. ನನ್ನೇ ಕಳ್ಳಿ ಅಂತೀಯಾ? ಆಗ್ಲಿ ಬುಡು!”

ಮೂಗಮ್ಮ ಎದ್ದು ಮೆಟ್ಟಿಲ ಬಳಿ ಚಪ್ಪಲಿ ಹುಡುಕಿದಳು. ಕಾಣಲಿಲ್ಲ. ಸುಡುವ ನೆಲದಲ್ಲಿ ಬರಿಗಾಲಲ್ಲೇ ಹೊರಟುಹೋದಳು.

ರಂಗಸ್ವಾಮಿ ಅವಳು ಹೋದ ದಾರಿಯನ್ನೇ ನೋಡಿದ. ಮಗಳು ವನಿತಾ ಬದನಗುಪ್ಪೆಯ ಫ್ಯಾಕ್ಟರಿಗೆ ರಜ ಹಾಕಿ ಶನಿವಾರ ಬಂದು ಮಕ್ಕಳನ್ನು ಕರೆದೊಯ್ಯುತ್ತಾಳೆ. ಆಮೇಲೆ ‘ಉಂಡ್ಯಾ ಅಣ್ಣ’ ಎಂದು ಕೇಳುವ ಜೀವ ಈ ಮೂಗಮ್ಮ ಒಬ್ಬಳೇ. ಅವಳನ್ನೂ ಕಳೆದುಕೊಂಡೆನಲ್ಲ!

ಒಂದು ನಿಮಿಷ. ಅವಳು ಬರಿಗಾಲಲ್ಲಿ ಹೋದಳು — ಹಾಗಾದರೆ ಚಪ್ಪಲಿ ಎಲ್ಲಿ?

ಮತ್ತೆ ಹಿತ್ತಿಲಿಗೆ ಓಡಿದ. ಪವಿತ್ರ ಬೆನ್ನು ಹತ್ತಿದಳು. ಕುಕ್ಕರುಗಾಲಲ್ಲಿ ಕೂತು ಮಣ್ಣು ನೋಡಿದ.

“ಅಯ್ಯೋ ನನ್ ಕಣ್ಗಿಷ್ಟು ಮಣ್ಣಾಕ! ಚಪ್ಲಿ ದೊಡ್ದು, ಎಜ್ಜೆ ಚಿಕ್ದು. ಒಂದೆಜ್ಜೆಗೂ ಇನ್ನೊಂದೆಜ್ಜೆಗೂ ಒಂದೂವರೆ ಗೇಣಿಲ್ಲ. ಬಿಸ್ಲು ಸುಡ್ತದೆ ಅಂತ ಯಾರೋ ಮೂಗಮ್ಮನ ಚಪ್ಲಿ ಎಳ್ಕಂಡೋಗವ್ರೆ.”

“ತಾತ, ಇಲ್ನೋಡು! ಬಾಳೆ ಎಲೆ ಹರ್ದಿದಾರೆ.”

ಮೋಟು ಬಾಳೆಕಂದಿನ ಎಲೆ. ಕುಡುಗೋಲಿನಿಂದ ಕೊಯ್ದದ್ದಲ್ಲ, ಕೈಯಲ್ಲಿ ಕಿತ್ತದ್ದು. ಕಳ್ಳನಿಗೆ ಬಾಳೆ ಎಲೆ ಯಾಕೆ? ಉಪ್ಪಿನಕಾಯಿಯೂ ಬಾಳೆ ಎಲೆಯೂ ಒಟ್ಟಿಗೆ ಬೇಕಾಗುವುದು ಯಾರಿಗೆ?

ರಂಗಸ್ವಾಮಿ ಜಾಡು ಹಿಡಿದು ನಡೆದ. ಹೆಜ್ಜೆಗಳು ಹೊಲದ ಬದುವಿನ ಹೊಂಗೆ ಮರದ ಕಡೆ ಹೋಗಿದ್ದವು. ಅಲ್ಲಿ ಚಾಮುಂಡಿಯ ಸಮಾಧಿ ಇದೆ.

ಸಮಾಧಿಯ ಮುಂದೆ ಹರಿದ ಎಲೆ. ಎಲೆಯ ಮೇಲೆ ಸಾಲಾಗಿ ನಾಲ್ಕು ಹೋಳು. ಪಕ್ಕದಲ್ಲಿ ಜಾಡಿ. ಮೂಗಮ್ಮನ ಚಪ್ಪಲಿ ಮೆಟ್ಟಿ ಇಂಚರ ಮರ ನೋಡುತ್ತ ಕೂತಿದ್ದಳು.

“ಕಾಗೆ ಇನ್ನೂ ಬಂದಿಲ್ಲ ತಾತ.”

“ಇವ್ಳೇ ಕಳ್ಳಿ!” ಪವಿತ್ರ ಕೂಗಿದಳು.

“ಅವತ್ತು ಅಜ್ಜಿ ಹೋದ್ಮೇಲೆ ಹಾಲುತುಪ್ಪಕ್ಕೆ ಇಲ್ಲಿ ಎಲ್ಲಾ ಬಡಿಸಿದ್ರಲ್ಲ,” ಎಂದಳು ಇಂಚರ. “ಅವ್ವನ ಉಪ್ಪಿನಕಾಯಿ ಇದ್ಯಾ ಅಂತ ಅಮ್ಮ ಕೇಳ್ದಾಗ, ಮುಗ್ದೋಯ್ತು ಅಂದ್ಯಲ್ಲ ತಾತ ನೀನು? ಮುಗ್ದಿರ್ಲಿಲ್ಲ! ಮೂಟೆ ಹಿಂದೆ ಇತ್ತು. ನಂಗೆ ಸಿಕ್ತು. ಅದ್ಕೇ ಅಜ್ಜಿಗೆ ತಂದೆ.”

ರಂಗಸ್ವಾಮಿ ಇಂಚರಳ ಪಕ್ಕ ಕೂತ.

“ಇವ್ಳು ಕಳ್ಳಿ ಅಲ್ಲ ಕಣಮ್ಮಿ ಪವಿತ್ರ. ಕಳ್ಳ ನಾನು. ಎಡೆಗೆ ಮಡಗುದ್ರೆ ಖರ್ಚಾಗೋಯ್ತದೆ ಅಂತ ಬಚ್ಚಿಟ್ಟೆ. ನಿಮ್ಮಜ್ಜಿ ಎಡೇಲಿ ಉಪ್ಪಿನ್ಕಾಯೇ ಇರ್ಲಿಲ್ಲ. ಅವ್ಳ್ದನ್ನೇ ಅವ್ಳ್ಗೆ ಕೊಡ್ದೆ ತಿಂದ್ಬುಟ್ಟೆ.”

ಮೂವರೂ ಕಾಗೆಗೆ ಕಾದರು. ಕೊನೆಗೊಂದು ಕಾಗೆ ಇಳಿದು ಒಂದು ಹೋಳು ಕಚ್ಚಿಕೊಂಡು ಹೋಯಿತು. ಇಂಚರ ಚಪ್ಪಾಳೆ ತಟ್ಟಿದಳು. ಉಳಿದ ಮೂರನ್ನು ರಂಗಸ್ವಾಮಿ ಮುಟ್ಟಲಿಲ್ಲ.

ಇಂಚರಳನ್ನು ಕಂಕುಳಿಗೆತ್ತಿಕೊಂಡ. ಪವಿತ್ರ ಜಾಡಿ ಹಿಡಿದಳು. ರಂಗಸ್ವಾಮಿ ತನ್ನ ಇನ್ನೊಂದು ಕೈಯಲ್ಲಿ ಚಪ್ಪಲಿ ಹಿಡಿದು, ನೆಟ್ಟಗೆ ಮೂಗಮ್ಮನ ಬಾಗಿಲಿಗೆ ಹೋಗಿ ನಡೆದದ್ದೆಲ್ಲ ಒಂದೇ ಉಸಿರಿಗೆ ಹೇಳಿದ.

ಮೂಗಮ್ಮ ಚಪ್ಪಲಿ ನೋಡಿದಳು, ಜಾಡಿ ನೋಡಿದಳು. “ನಮ್ಗೂ ಒಂದೋಳು ಮಡಗಿಲ್ವಾ?”

“ಅವ್ಳ್ಗೇ ಬುಟ್ ಬಂದೆ ಕಣವ್ವ. ತಳ್ದಲ್ಲಿ ಎಣ್ಣೆ ಖಾರ ಅದೆ. ಅನ್ನ ಅದಾ?”

ಅನ್ನವನ್ನು ಜಾಡಿಗೇ ಹಾಕಿ, ಒರೆಸಿ ಕಲಸಿದ. ಪ್ರತಿ ವರ್ಷ ಜಾಡಿ ಬರಿದಾದಾಗ ಚಾಮುಂಡಿ ಮಾಡುತ್ತಿದ್ದುದೂ ಹೀಗೆಯೇ. ನಾಲ್ವರಿಗೆ ನಾಲ್ಕು ಕೈತುತ್ತು ಬಂತು. ಇಂಚರ ಊರಿಗೇ ಕೇಳುವಂತೆ ಅತ್ತಳು. ರಂಗಸ್ವಾಮಿಯೂ ಅತ್ತ. ಚಾಮುಂಡಿ ಹೋದ ಮೇಲೆ ಅವನು ಇನ್ನೊಬ್ಬರ ಎದುರಿಗೆ ಅತ್ತಿದ್ದು ಅದೇ ಮೊದಲು.